ಘಾಟಿಯ ತಿರುವಿಗೂ ಕರಾವಳಿಯ ಮಳೆಗೂ ಒಗ್ಗುವ ಸಸ್ಪೆನ್ಷನ್: ಕಾರಿನ ಹಿಡಿತ ಹೆಚ್ಚಿಸುವ ಸಮಗ್ರ ಮಾರ್ಗದರ್ಶಿ

ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಕಾರು ನೋಡಲು ಚೆನ್ನಾಗಿದೆ, ಆದರೆ ಚಾರ್ಮಾಡಿಯ ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಗೆಳೆಯರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದು. ಹಣ ಸುರಿದ ಮೇಲೂ ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತದೆ, ಹಂಪ್ ದಾಟುವಾಗ ಟಕ್ಕೆಂದು ಸದ್ದು ಬರುತ್ತದೆ, ಕೆಲವೇ ತಿಂಗಳಲ್ಲಿ ಟೈರಿನ ಒಳ ಅಂಚು ಸವೆದು ನುಣುಪಾಗುತ್ತದೆ. ಇಂಥ ಕಾರುಗಳನ್ನು ಎತ್ತಿ ನೋಡಿದಾಗ ಹೊಸ ಭಾಗ ಕಳಪೆಯಾಗಿದ್ದದ್ದು ಅಪರೂಪ. ಕೆಲಸದ ಕ್ರಮ ತಪ್ಪಿರುತ್ತದೆ.

ಕ್ರಮ ಇಷ್ಟೇ. ಮೊದಲು ಟೈರು, ಆಮೇಲೆ ಸವೆದ ಬುಷ್ (ಲೋಹದ ಭಾಗಗಳು ಸೇರುವಲ್ಲಿರುವ ರಬ್ಬರ್ ಮೆತ್ತೆ) ಮತ್ತು ಜಾಯಿಂಟ್, ಆಮೇಲೆ ಶಾಕ್ ಅಬ್ಸಾರ್ಬರ್, ಬೇಕಿದ್ದರೆ ಅದಕ್ಕೆ ಹೊಂದುವ ಸ್ಪ್ರಿಂಗ್, ಎಲ್ಲಕ್ಕಿಂತ ಕೊನೆಗೆ ಆಂಟಿ ರೋಲ್ ಬಾರ್, ಅಂದರೆ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯಲು ಎಡಬಲ ಚಕ್ರಗಳ ನಡುವೆ ಇರುವ ಸರಳು. ಬಹಳ ಮಂದಿ ಸ್ಪ್ರಿಂಗ್‌ನಿಂದ ಆರಂಭಿಸುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವ ಬದಲಾವಣೆ ಅದೊಂದೇ. ಸವೆದ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ಕಾರು ಚೆಂಡಿನಂತೆ ಪುಟಿಯುತ್ತದೆ, ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ.

ಮುಂದಿನ ವಿವರಣೆ ಸ್ವಿಫ್ಟ್, ಬಲೆನೊ, ಐ20, ಪೋಲೊದಂಥ ಕಾರುಗಳಿಗೆ ಅನ್ವಯಿಸುತ್ತದೆ. ಇವುಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ ಸೇರಿದ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ) ಇರುತ್ತದೆ. ಬೇರೆ ವಿನ್ಯಾಸದ ಕಾರಾದರೆ ಬಿಚ್ಚುವ ವಿಧಾನ ಬೇರೆಯಾಗುತ್ತದೆ. ತಪಾಸಣೆ, ಆಯ್ಕೆ, ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಕುರಿತ ಮಾತುಗಳು ಮಾತ್ರ ಎಲ್ಲಕ್ಕೂ ಒಂದೇ.

## 1. ನಿಮ್ಮ ಕಾರು ಓಡುವ ರಸ್ತೆ ಯಾವುದೆಂದು ಮೊದಲು ಬರೆದಿಡಿ

ಕಾರನ್ನು ತಗ್ಗಿಸುವುದು ಬೇರೆ, ಅದರ ಹಿಡಿತ ಹೆಚ್ಚಿಸುವುದು ಬೇರೆ. ಕಾರು 30 ಮಿ.ಮೀ. ತಗ್ಗಿದರೆ ಗುರುತ್ವ ಕೇಂದ್ರ ಕೆಳಗಿಳಿದು ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಚಕ್ರ ಮೇಲಕ್ಕೆ ಸರಿಯಲು ಇದ್ದ ಜಾಗದಲ್ಲೂ ಅಷ್ಟೇ ಕಡಿತವಾಗುತ್ತದೆ. ಗುಂಡಿಗೆ ಬಿದ್ದಾಗ ಸಸ್ಪೆನ್ಷನ್ ಬೇಗನೆ ಬಂಪ್ ಸ್ಟಾಪ್‌ಗೆ, ಅಂದರೆ ಚಲನೆಯ ಕೊನೆಯಲ್ಲಿ ತಡೆಯುವ ಮೆತ್ತೆಗೆ, ಬಡಿಯುತ್ತದೆ. ತಿರುವಿನ ನಡುವೆ ಹಾಗೆ ಬಡಿದ ಕ್ಷಣ ಆ ಚಕ್ರದ ಸಸ್ಪೆನ್ಷನ್ ಕಲ್ಲಿನಂತೆ ಬಿಗಿದು, ಟೈರು ಹಿಡಿತ ಕಳೆದುಕೊಳ್ಳುತ್ತದೆ.

ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಂಗಳೂರಿನ ನಂತೂರಿನಿಂದ ಕೂಳೂರಿನವರೆಗೆ ಹೋದವರಿಗೆ ನೀರು ತುಂಬಿದ ಗುಂಡಿ ಎಷ್ಟು ಆಳವಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ ಎಂಬ ಅನುಭವ ಇದ್ದೇ ಇರುತ್ತದೆ. ಒಳರಸ್ತೆಗಳ ಹಂಪ್‌ಗಳು ಒಂದರಂತೆ ಇನ್ನೊಂದಿಲ್ಲ. ಮನೆಯ ಅಂಗಳಕ್ಕೆ ಏರುವ ಮುರಕಲ್ಲಿನ (ಜಂಬಿಟ್ಟಿಗೆಯ) ಇಳಿಜಾರು ಬೇರೆ. ಹೀಗಾಗಿ ವರ್ಷವಿಡೀ ಓಡುವ ಕಾರನ್ನು ತಗ್ಗಿಸಬೇಡಿ ಎಂದೇ ನಾನು ಹೇಳುತ್ತೇನೆ. ಮೂಲ ಎತ್ತರ ಉಳಿಸಿಕೊಂಡು ಉತ್ತಮ ಶಾಕ್ ಹಾಕಿದ ಕಾರು, ಒದ್ದೆ ರಸ್ತೆಯಲ್ಲಿ ತಗ್ಗಿಸಿದ ಕಾರಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ. ತಗ್ಗಿಸಲೇಬೇಕು ಎನ್ನುವವರು 20ರಿಂದ 25 ಮಿ.ಮೀ. ದಾಟಬೇಡಿ.

ಕಾಗದಪತ್ರದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ತಯಾರಕರ ಮೂಲ ವಿವರಗಳಿಗೂ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸವೆದ ಭಾಗಕ್ಕೆ ಅದೇ ಅಳತೆಯ ಉತ್ತಮ ಭಾಗ ಹಾಕುವುದು ದುರಸ್ತಿ. ಎತ್ತರ ಬದಲಿಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಹೇಳದೆ ಮಾಡಿದ ಬದಲಾವಣೆ ಪರಿಹಾರ ಕೇಳುವ ಹೊತ್ತಿಗೆ ತಕರಾರಾಗಿ ಎದ್ದು ನಿಲ್ಲಬಹುದು.

## 2. ಈಗಿರುವ ಸಸ್ಪೆನ್ಷನ್ ಪೂರ್ತಿ ಪರೀಕ್ಷಿಸಿ

ಈ ಹಂತವನ್ನು ಹಾರಿಸಿದವರೇ ಹೆಚ್ಚು ಹಣ ಕಳೆದುಕೊಂಡಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಎರಡು ತಾಸು ಇದಕ್ಕೇ ಮೀಸಲಿಡಿ.

ಟೈರು. ಪಕ್ಕೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಗೀರುಗಳ ಆಳ ಚೆನ್ನಾಗಿ ಕಂಡರೂ ನಂಬಬೇಡಿ. ಸವೆತದ ಬಗೆಯೂ ಕಥೆ ಹೇಳುತ್ತದೆ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತಗ್ಗು ದಿಣ್ಣೆಯಾಗಿ ಸವೆದಿದ್ದರೆ ಶಾಕ್ ಸತ್ತಿದೆ ಎಂಬ ಅನುಮಾನ ಬಲವಾಗಬೇಕು. ಗಾಳಿಯನ್ನು ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿರುವ ಅಂಕಿಗೆ ತನ್ನಿ. ಇಷ್ಟು ಮಾಡಿಯೇ ಸಮಸ್ಯೆ ಅರ್ಧ ಇಳಿದ ಕಾರುಗಳನ್ನು ನೋಡಿದ್ದೇನೆ.

ಶಾಕ್ ಅಬ್ಸಾರ್ಬರ್. ಶಾಕ್‌ನ ದಂಡಕ್ಕೆ ಧೂಳು ತಾಗದಂತೆ ಮುಚ್ಚುವ ಬೂಟನ್ನು ಮೇಲೆ ಸರಿಸಿ, ಟಾರ್ಚ್ ಹಾಕಿ ನೋಡಿ. ತೆಳುವಾದ ತೇವದ ಪದರ ಸಹಜ. ಎಣ್ಣೆ ಇಳಿದು ಧೂಳು ಮೆತ್ತಿ ಕಪ್ಪು ಕೆಸರಾಗಿದ್ದರೆ ಸೀಲ್ ಹೋಗಿದೆ. ಬಾನೆಟ್ ಮೂಲೆಯನ್ನು ಒತ್ತಿ ಬಿಡುವ ಹಳೆಯ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ, ಅರ್ಧ ಸತ್ತದ್ದು ಅದರಲ್ಲಿ ಪಾಸಾಗುತ್ತದೆ. ಹೆದ್ದಾರಿಯಲ್ಲಿ ಸೇತುವೆಯ ಜೋಡಣೆ ದಾಟಿದ ಮೇಲೆ ಕಾರು ಒಮ್ಮೆ ಏರಿಳಿದು ನಿಲ್ಲಬೇಕು. ಎರಡು ಮೂರು ಬಾರಿ ತೂಗಿದರೆ ಶಾಕ್ ಬದಲಿಸುವ ಕಾಲ ಬಂದಿದೆ.

ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು), ಅದರ ಬುಷ್ ಮತ್ತು ಬಾಲ್ ಜಾಯಿಂಟ್. ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ; ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡಬಲ ಹಿಡಿದು ಅಲುಗಾಡಿಸಿ. ಸಡಿಲವಿದ್ದರೆ ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್‌ನ ತುದಿ. ಬುಷ್‌ಗೆ ಉದ್ದನೆಯ ಸ್ಕ್ರೂ ಡ್ರೈವರ್ ಒತ್ತಿ ಮೀಟಿದಾಗ ರಬ್ಬರು ಲೋಹದಿಂದ ಬಿಟ್ಟು ಬಂದಿದ್ದರೆ ಸೀಳು ಸ್ಪಷ್ಟವಾಗಿ ಕಾಣುತ್ತದೆ. ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ತುಯ್ಯುವುದಕ್ಕೆ ಈ ಆರ್ಮ್‌ನ ಹಿಂಬದಿಯ ದೊಡ್ಡ ಬುಷ್ ಆಗಾಗ ಕಾರಣ.

ಲಿಂಕ್ ರಾಡ್ ಮತ್ತು ಸ್ಟ್ರಟ್ ಮೌಂಟ್. ಸಣ್ಣ ಸಣ್ಣ ಏರುಪೇರಿನಲ್ಲಿ ನಿಧಾನವಾಗಿ ಹೋಗುವಾಗ ಟಕ ಟಕ ಸದ್ದು ಬಂದರೆ ಮೊದಲ ಅನುಮಾನ ಆಂಟಿ ರೋಲ್ ಬಾರ್‌ನ ತುದಿಗೆ ಜೋಡಿಸಿರುವ ಲಿಂಕ್ ರಾಡ್ ಮೇಲಿರಲಿ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ಣೆಂದು ಜಿಗಿದರೆ ಮೇಲಿನ ಮೌಂಟ್‌ನ ಬೇರಿಂಗ್ ಬಿಗಿದುಕೊಂಡಿದೆ.

ಕಂಡದ್ದನ್ನೆಲ್ಲ ಕಾಗದದ ಮೇಲೆ ಬರೆಯಿರಿ. ಸವೆದದ್ದನ್ನು ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ, ಎರಡು ವಾರ ಓಡಿಸಿ. ಆಮೇಲೂ ಕೊರತೆ ಕಂಡರೆ ಮುಂದಿನ ಹಂತಕ್ಕೆ ಬನ್ನಿ. ಹಲವರು ಇಲ್ಲೇ ತೃಪ್ತರಾಗಿ ನಿಲ್ಲುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

## 3. ಭಾಗಗಳ ಆಯ್ಕೆ

ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಶಾಕ್ ಆ ಸ್ಪ್ರಿಂಗ್‌ನ ಕುಣಿತವನ್ನು ಹತೋಟಿಯಲ್ಲಿಡುತ್ತದೆ. ಒಂದನ್ನು ಗಟ್ಟಿ ಮಾಡಿ ಇನ್ನೊಂದನ್ನು ಹಾಗೇ ಬಿಟ್ಟರೆ ಜೋಡಿ ಕೆಡುತ್ತದೆ. ಶಾಕ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಮೂಲ ಎತ್ತರದ ಸ್ಪ್ರಿಂಗ್‌ಗೋ ತಗ್ಗಿಸಿದ ಸ್ಪ್ರಿಂಗ್‌ಗೋ ಎಂಬುದು. ಬಿಲ್‌ಸ್ಟೈನ್ ಕಂಪನಿಯ ಹೆಸರಿಡುವ ಪದ್ಧತಿ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ: ಬಿ4 ಮೂಲ ಶಾಕ್‌ಗೆ ನೇರ ಬದಲಿ, ಬಿ6 ಮೂಲ ಎತ್ತರಕ್ಕೇ ಹೆಚ್ಚು ಬಿಗಿಯಾದದ್ದು, ಬಿ8 ತಗ್ಗಿಸಿದ ಸ್ಪ್ರಿಂಗ್‌ಗಾಗಿ ಗಿಡ್ಡ ಮಾಡಿದ್ದು. ತಗ್ಗು ಸ್ಪ್ರಿಂಗನ್ನು ಉದ್ದ ಶಾಕ್ ಮೇಲೆ ಕೂರಿಸಿದರೆ ಶಾಕ್ ಸದಾ ಅರ್ಧ ಮುದುಡಿಕೊಂಡೇ ಕೆಲಸ ಮಾಡುತ್ತದೆ, ಬೇಗ ಸಾಯುತ್ತದೆ. ಚಕ್ರ ಕೆಳಗಿಳಿದಾಗ ಸ್ಪ್ರಿಂಗ್ ತನ್ನ ಕೂಡುಜಾಗದಿಂದ ಸಡಿಲಗೊಳ್ಳುವ ಅಪಾಯವೂ ಉಂಟು.

ದಿನನಿತ್ಯ ಸುರತ್ಕಲ್‌ನಿಂದ ಮಣಿಪಾಲಕ್ಕೆ ಓಡುವ ಕಾರಿಗೆ ಕೆವೈಬಿ, ಮನ್ರೋ, ಗೇಬ್ರಿಯಲ್‌ನಂಥ ಕಂಪನಿಗಳ ಒಳ್ಳೆಯ ಗ್ಯಾಸ್ ಶಾಕ್ ಸಾಕು. ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಬಗ್ಗೆ ಆಸೆ ಪಡುವವರಿಗೆ ಒಂದು ಎಚ್ಚರಿಕೆ. ಅದರ ಹೊರಮೈಯಲ್ಲಿ ತಿರುಪಿನ ಗೆರೆಗಳಿರುತ್ತವೆ. ಕಡಲ ಉಪ್ಪುಗಾಳಿಯಲ್ಲಿ, ಕೆಂಪು ಕೆಸರಿನಲ್ಲಿ ಒಂದೆರಡು ಮಳೆಗಾಲ ಕಳೆದರೆ ಆ ತಿರುಪು ಕಚ್ಚಿಕೊಂಡು ಅಲುಗುವುದಿಲ್ಲ. ಪ್ರತಿ ವರ್ಷ ಬಿಚ್ಚಿ ತೊಳೆಯುವ ಶಿಸ್ತು ಇಲ್ಲದವರು ಅದರತ್ತ ಹೋಗಬಾರದು.

ಬುಷ್ ವಿಷಯದಲ್ಲಿ ನಾನು ಮೂಲ ಕಂಪನಿಯ ರಬ್ಬರಿನ ಪಕ್ಷ. ಪಾಲಿಯುರೆಥೇನ್ ಬುಷ್ ಸ್ಟಿಯರಿಂಗ್‌ಗೆ ಚುರುಕು ಕೊಡುತ್ತದೆ, ಆದರೆ ಗ್ರೀಸ್ ತೊಳೆದುಹೋದ ಮೇಲೆ ಕಿರುಗುಟ್ಟುತ್ತದೆ. ನಮ್ಮ ಮಳೆಯಲ್ಲಿ ಗ್ರೀಸ್ ಬೇಗನೇ ತೊಳೆದುಹೋಗುತ್ತದೆ.

ಹಿಂದಿನ ಆಂಟಿ ರೋಲ್ ಬಾರ್ ದಪ್ಪ ಮಾಡಿದರೆ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರು ತಿರುವಿನ ಒಳಕ್ಕೆ ಚುರುಕಾಗಿ ಬಾಗುತ್ತದೆ. ಅತಿಯಾದರೆ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂಭಾಗ ಹೊರಗೆ ಜಾರುತ್ತದೆ. ಆಗುಂಬೆಯ ಮಂಜಿನಲ್ಲಿ ಎದುರಿಗೆ ಬಸ್ಸು ಬರುತ್ತಿರುವಾಗ ಯಾರಿಗೂ ಅಂಥ ಅನುಭವ ಬೇಡ. ಮೇಲಿನ ಎಲ್ಲ ಕೆಲಸ ಮುಗಿದು ಒಂದು ಮಳೆಗಾಲ ಕಳೆದ ಮೇಲೆ ಇದರ ಬಗ್ಗೆ ಯೋಚಿಸಿ.

ಶಾಕ್ ಜೊತೆಗೇ ಇವುಗಳನ್ನೂ ತರಿಸಿಕೊಳ್ಳಿ: ಎರಡೂ ಕಡೆಯ ಸ್ಟ್ರಟ್ ಮೌಂಟ್ ಮತ್ತು ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟ್, ಲಿಂಕ್ ರಾಡ್, ಹೊಸ ಲಾಕ್ ನಟ್‌ಗಳು. ಹಳೆಯ ಬೂಟ್ ಹರಿದಿದ್ದರೆ ಮರಳಿನ ಕಣ ಹೊಸ ಶಾಕ್‌ನ ದಂಡವನ್ನು ಗೀರುತ್ತದೆ, ಮರುವರ್ಷ ಮತ್ತೆ ಎಣ್ಣೆ ಸೋರುತ್ತದೆ. ಶಾಕ್ ಆಗಲಿ ಸ್ಪ್ರಿಂಗ್ ಆಗಲಿ, ಎಡಬಲ ಜೋಡಿಯಾಗಿಯೇ ಬದಲಿಸಬೇಕು.

## 4. ಸಲಕರಣೆ ಮತ್ತು ಜಾಗ

ಹೈಡ್ರಾಲಿಕ್ ಟ್ರಾಲಿ ಜಾಕ್, ಕನಿಷ್ಠ ಎರಡು ಜಾಕ್ ಸ್ಟ್ಯಾಂಡ್, ಸಾಕೆಟ್ ಸೆಟ್, ಬಾಗಿದ ರಿಂಗ್ ಸ್ಪ್ಯಾನರ್, ಅಲೆನ್ ಕೀ, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಗಟ್ಟಿಮುಟ್ಟಾದ ಸ್ಪ್ರಿಂಗ್ ಕಂಪ್ರೆಸರ್, ತಂತಿಯ ಬ್ರಷ್, ತುಕ್ಕು ಸಡಿಲಿಸುವ ಎಣ್ಣೆ, ಬಿಳಿ ಬಣ್ಣದ ಮಾರ್ಕರ್, ಅಳತೆ ಟೇಪು, ಕಣ್ಣಿಗೆ ಕನ್ನಡಕ. ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಟಾರ್ಕ್ ಪಟ್ಟಿ ಕಡ್ಡಾಯ. ಸಣ್ಣ ಕಾರುಗಳ ಚಕ್ರದ ನಟ್ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಉಳಿದ ಬೋಲ್ಟ್‌ಗಳ ಅಂಕಿ ಮಾದರಿಯಿಂದ ಮಾದರಿಗೆ ಬಹಳ ಬದಲಾಗುವುದರಿಂದ ಅಂದಾಜಿಗೆ ಎಡೆಯಿಲ್ಲ.

ಜಾಗ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಮಣ್ಣಿನ ಅಂಗಳದಲ್ಲಿ, ಅದರಲ್ಲೂ ಮಳೆ ಬಿದ್ದ ಮೇಲೆ, ಸ್ಟ್ಯಾಂಡಿನ ಕಾಲು ಹುದುಗುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಕೈಗೆ ಸಿಕ್ಕಿತೆಂದು ಮುರಕಲ್ಲನ್ನೋ ಸಿಮೆಂಟ್ ಇಟ್ಟಿಗೆಯನ್ನೋ ಕಾರಿನ ಕೆಳಗೆ ಕೊಡಬೇಡಿ. ಮನೆ ಹೊರುವ ಮುರಕಲ್ಲು ಒಂದೇ ಬಿಂದುವಿನ ಮೇಲೆ ಕಾರಿನ ಭಾರ ಬಿದ್ದಾಗ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ಕೈಯನ್ನೂ ಚಾಚಬೇಡಿ.

ಸ್ಪ್ರಿಂಗ್ ಕಂಪ್ರೆಸರ್ ಬಳಸಿ ಅಭ್ಯಾಸ ಇಲ್ಲದವರು ಸ್ಟ್ರಟ್ ಅನ್ನು ತಾವೇ ಬಿಚ್ಚಿ, ಸ್ಪ್ರಿಂಗ್ ಬದಲಿಸುವ ಕೆಲಸವನ್ನು ಮಾತ್ರ ಗ್ಯಾರೇಜಿನ ಗೋಡೆಗೆ ಬಿಗಿದ ಕಂಪ್ರೆಸರ್‌ನಲ್ಲಿ ಮಾಡಿಸಿಕೊಳ್ಳಬಹುದು. ಹಣ ಉಳಿಸಲು ಹೊರಟು ದವಡೆ ಮುರಿಸಿಕೊಳ್ಳುವ ಕೆಲಸ ಇದಾಗಬಾರದು.

## 5. ಬಿಚ್ಚುವ ಮುನ್ನ ಮೂರು ದಿನ

ಕರಾವಳಿಯ ಕಾರಿನಲ್ಲಿ ಬೋಲ್ಟ್‌ಗಳು ಸುಲಭವಾಗಿ ಬಿಡುವುದಿಲ್ಲ. ಮೂರು ದಿನ ಮೊದಲೇ, ದಿನಕ್ಕೊಮ್ಮೆ, ಸ್ಟ್ರಟ್‌ನ ಕೆಳ ಬೋಲ್ಟ್, ಲಿಂಕ್ ರಾಡ್ ನಟ್, ಹಿಂದಿನ ಶಾಕ್‌ನ ಕೆಳ ಬೋಲ್ಟ್‌ಗಳ ತಿರುಪನ್ನು ತಂತಿಯ ಬ್ರಷ್‌ನಿಂದ ಉಜ್ಜಿ ಎಣ್ಣೆ ಬಿಡಿ. ಈ ತಾಳ್ಮೆ ಇಲ್ಲದವರ ಕೈಯಲ್ಲಿ ಲಿಂಕ್ ರಾಡ್ ನಟ್ ದುಂಡಗಾಗಿ, ಕೊನೆಗೆ ಗ್ರೈಂಡರ್ ಹಿಡಿಯಬೇಕಾಗುತ್ತದೆ.

ಕಾರು ನೆಲದ ಮೇಲಿರುವಾಗ ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದಿಡಿ. ಟ್ಯಾಂಕ್ ಅರ್ಧ ತುಂಬಿರಲಿ, ಡಿಕ್ಕಿ ಖಾಲಿ ಇರಲಿ. ಒಂಬತ್ತನೇ ಹಂತದಲ್ಲಿ ಈ ಅಂಕಿ ಇಲ್ಲದೆ ಕೆಲಸ ಸಾಗದು. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಯಾವ ಕಡೆಯಿಂದ ಹಾದಿವೆ ಎಂಬುದರ ಫೋಟೊ ತೆಗೆಯಿರಿ.

## 6. ಮುಂದಿನ ಸ್ಟ್ರಟ್ ಬಿಚ್ಚುವುದು

ಕಾರು ನೆಲದಲ್ಲಿರುವಾಗಲೇ ಚಕ್ರದ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂದಿನ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ಇಳಿಸಿ. ಒಂದೇ ಕಡೆ ಎತ್ತಿದರೆ ಆಂಟಿ ರೋಲ್ ಬಾರ್ ತಿರುಚಿಕೊಂಡು ಲಿಂಕ್ ರಾಡ್ ಮೇಲೆ ಒತ್ತಡ ನಿಲ್ಲುತ್ತದೆ, ನಟ್ ಬಿಚ್ಚಿದಾಗ ಬಾರ್ ಚಿಮ್ಮುತ್ತದೆ.

ಮೊದಲು ಲಿಂಕ್ ರಾಡ್ ಬೇರ್ಪಡಿಸಿ. ಆಮೇಲೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್‌ನ ಹಿಡಿಕೆಗಳನ್ನು ಸ್ಟ್ರಟ್‌ನಿಂದ ಬಿಡಿಸಿ. ಸ್ಟ್ರಟ್ ಮತ್ತು ಚಕ್ರದ ನಕಲ್ (ಚಕ್ರವನ್ನು ಹೊತ್ತಿರುವ ಲೋಹದ ಗಟ್ಟಿ ಭಾಗ) ಸೇರುವ ಜಾಗದಲ್ಲಿ ಬಿಳಿ ಗೆರೆ ಎಳೆಯಿರಿ. ಮರಳಿ ಜೋಡಿಸುವಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮೂಲದ ಹತ್ತಿರ ಬರಲು ಅದು ಸಹಾಯ ಮಾಡುತ್ತದೆ. ನಕಲ್‌ನ ಕೆಳಗೆ ಜಾಕ್ ತಾಗಿಸಿ ಆಧಾರ ಕೊಟ್ಟು ಕೆಳಗಿನ ಎರಡು ಬೋಲ್ಟ್ ತೆಗೆಯಿರಿ. ಪೋಲೊದಲ್ಲಿ ಬೋಲ್ಟ್ ಜೋಡಿಯ ಬದಲು ಸ್ಟ್ರಟ್ ಅನ್ನು ಸುತ್ತ ಹಿಡಿಯುವ ಕ್ಲ್ಯಾಂಪ್ ಇರುವುದರಿಂದ ಅದನ್ನು ಸ್ವಲ್ಪ ಅಗಲಿಸಬೇಕಾಗುತ್ತದೆ.

ಇಲ್ಲಿ ಮೂರು ತಪ್ಪುಗಳು ಪದೇ ಪದೇ ನಡೆಯುತ್ತವೆ. ನಕಲ್ ಹೊರಕ್ಕೆ ವಾಲಿ ಜೋತುಬಿದ್ದರೆ ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ. ಅದನ್ನು ತಂತಿಯಿಂದ ಒಳಕ್ಕೆ ಕಟ್ಟಿ ನಿಲ್ಲಿಸಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ದರೆ ಅದರ ಭಾರವನ್ನು ಹೋಸ್ ಮೇಲೆ ಬಿಡಬೇಡಿ. ಮೂರನೆಯದು ಎಲ್ಲಕ್ಕಿಂತ ಅಪಾಯಕರ. ಬಾನೆಟ್ ತೆರೆದಾಗ ಮೌಂಟ್ ಮಧ್ಯದಲ್ಲಿ ಕಾಣುವ ದಪ್ಪ ನಟ್ ಹಲವು ಮಾದರಿಗಳಲ್ಲಿ ಶಾಕ್‌ನ ದಂಡದ್ದು. ಅದನ್ನು ಬಿಚ್ಚಿದರೆ ಒತ್ತಿ ಹಿಡಿದಿರುವ ಸ್ಪ್ರಿಂಗ್ ಬಿಡುಗಡೆಯಾಗುತ್ತದೆ. ಬಿಚ್ಚಬೇಕಾದದ್ದು ಮೌಂಟನ್ನು ಕಾರಿನ ಬಾಡಿಯ ಜೊತೆ ಬಿಗಿದಿರುವ ನಟ್‌ಗಳನ್ನು. ನಿಮ್ಮ ಮಾದರಿಯಲ್ಲಿ ಅವು ಯಾವುವು ಎಂದು ಕೈಪಿಡಿಯ ಚಿತ್ರ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಸ್ಪ್ಯಾನರ್ ಹಚ್ಚಿ. ಕೊನೆಯ ನಟ್ ತೆಗೆಯುವಾಗ ಸ್ಟ್ರಟ್ ಅನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ, ಅಥವಾ ಯಾರನ್ನಾದರೂ ಜೊತೆಗೆ ನಿಲ್ಲಿಸಿಕೊಳ್ಳಿ.

## 7. ಸ್ಪ್ರಿಂಗ್ ಬಿಡಿಸಿ ಹೊಸ ಸ್ಟ್ರಟ್ ಕಟ್ಟುವುದು

ಕಂಪ್ರೆಸರ್‌ನ ಎರಡು ಕೊಕ್ಕೆಗಳು ಸ್ಪ್ರಿಂಗ್‌ನ ಎದುರುಬದುರಿಗೆ ಇರಬೇಕು. ಒಂದು ಕಡೆ ಎರಡು ಸುತ್ತು, ಇನ್ನೊಂದು ಕಡೆ ಎರಡು ಸುತ್ತು, ಹೀಗೆ ಸಮವಾಗಿ ಕೈಯಿಂದಲೇ ಬಿಗಿಯಿರಿ. ಸ್ಪ್ರಿಂಗ್ ಬಿಲ್ಲಿನಂತೆ ಬಾಗತೊಡಗಿದರೆ ನಿಲ್ಲಿಸಿ, ಸಡಿಲಿಸಿ, ಕೊಕ್ಕೆ ಸರಿಪಡಿಸಿ ಮತ್ತೆ ಆರಂಭಿಸಿ. ಸ್ಟ್ರಟ್‌ನ ತುದಿ ನಿಮ್ಮ ಕಡೆಗಾಗಲಿ ಪಕ್ಕದಲ್ಲಿ ನಿಂತವರ ಕಡೆಗಾಗಲಿ ಇರಬಾರದು. ಮಕ್ಕಳನ್ನು ಅಂಗಳದಿಂದಲೇ ಒಳಗೆ ಕಳುಹಿಸಿ.

ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಕೈಗೆ ಸುಲಭವಾಗಿ ತಿರುಗುವಷ್ಟು ಸಡಿಲಾದ ಮೇಲೆ ಮಾತ್ರ ಮಧ್ಯದ ನಟ್ ತೆಗೆಯಿರಿ. ಮೌಂಟ್, ಬೇರಿಂಗ್, ಮೇಲಿನ ಬಟ್ಟಲು ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ನೆಲದ ಮೇಲೆ ಸಾಲಾಗಿ ಇಡಿ.

ಹೊಸ ಶಾಕ್ ಎರಡು ಕೊಳವೆಯ ಬಗೆಯದಾದರೆ ಅದನ್ನು ನೆಟ್ಟಗೆ ಹಿಡಿದು, ದಂಡವನ್ನು ಪೂರ್ತಿ ಒತ್ತಿ ಪೂರ್ತಿ ಎಳೆಯುವುದನ್ನು ನಾಲ್ಕೈದು ಬಾರಿ ಮಾಡಿ. ಪೆಟ್ಟಿಗೆಯಲ್ಲಿ ಅಡ್ಡ ಮಲಗಿದ್ದಾಗ ಒಳಗೆ ಸೇರಿದ ಗಾಳಿ ಹೊರಟು ಹೋಗುತ್ತದೆ. ಇದನ್ನು ಬಿಟ್ಟವರು ಹೊಸ ಶಾಕ್‌ನಲ್ಲೇ ಲೊಟಲೊಟ ಸದ್ದು ಕೇಳಿ ಗಾಬರಿಯಾಗುತ್ತಾರೆ. ದಂಡವನ್ನು ಇಕ್ಕಳದಿಂದ ಹಿಡಿಯಲೇಬೇಡಿ. ಕೂದಲೆಳೆಯಷ್ಟು ಗೀರು ಬಿದ್ದರೂ ಸೀಲ್ ಕೆಡುತ್ತದೆ.

ಬಂಪ್ ಸ್ಟಾಪ್, ಬೂಟ್ ಏರಿಸಿ, ಸ್ಪ್ರಿಂಗ್‌ನ ಕೆಳತುದಿ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂತಿದೆಯೇ ನೋಡಿ. ಮೌಂಟ್ ಮೇಲೆ ಬಾಣದ ಗುರುತಿದ್ದರೆ ಅದರ ದಿಕ್ಕು ಸರಿಯಿರಲಿ. ಮಧ್ಯದ ನಟ್ ಹೊಸದು. ದಂಡ ತಿರುಗದಂತೆ ಅಲೆನ್ ಕೀಯಿಂದ ಹಿಡಿದು ರಿಂಗ್ ಸ್ಪ್ಯಾನರ್‌ನಿಂದ ಬಿಗಿಯಿರಿ. ಗ್ಯಾರೇಜಿನಲ್ಲಿ ಮಾಡಿಸುತ್ತಿದ್ದರೆ ಪಕ್ಕದಲ್ಲೇ ನಿಂತು, ಇಲ್ಲಿ ಏರ್ ಗನ್ ಬೇಡವೆಂದು ವಿನಯದಿಂದ ಆದರೆ ಗಟ್ಟಿಯಾಗಿ ಹೇಳಿ. ಗನ್ ಹಚ್ಚಿದಾಗ ದಂಡ ಒಳಗೆ ಗಿರ್ರನೆ ತಿರುಗಿ, ಓಡುವ ಮೊದಲೇ ಶಾಕ್‌ನ ಆಯುಸ್ಸು ಕಡಿಮೆಯಾಗುತ್ತದೆ.

ಮೊದಲು ಮೇಲಿನ ನಟ್‌ಗಳನ್ನು ಕೈಯಲ್ಲಿ ಹಿಡಿಸಿ, ಕೆಳ ಬೋಲ್ಟ್ ಕೂರಿಸಿ, ಬಿಳಿ ಗೆರೆಗಳನ್ನು ಹೊಂದಿಸಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಹೋಸ್, ವೈರ್ ಫೋಟೊದಲ್ಲಿದ್ದಂತೆಯೇ ಹಾಯಬೇಕು. ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿ, ಅವು ಎಳೆದುಕೊಳ್ಳುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ.

## 8. ಹಿಂಭಾಗ

ಇದು ಸುಲಭದ ಕೆಲಸ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬೀಮ್‌ಗೆ ಜಾಕ್ ಆಧಾರ ಕೊಟ್ಟು, ಎರಡೂ ಕಡೆ ಶಾಕ್‌ನ ಕೆಳ ಬೋಲ್ಟ್ ತೆಗೆದು, ಬ್ರೇಕ್ ಹೋಸ್ ಎಷ್ಟು ಚಾಚುತ್ತದೆ ನೋಡುತ್ತ ಬೀಮನ್ನು ನಿಧಾನವಾಗಿ ಇಳಿಸಿ. ಸ್ಪ್ರಿಂಗ್ ಬಿಡಿಯಾಗಿದ್ದರೆ ಕೈಗೇ ಬರುತ್ತದೆ. ಕೆಳಗಿನ ಬಟ್ಟಲಿನಲ್ಲಿ ಕೆಂಪು ಕೆಸರು ಕುಳಿತು ತುಕ್ಕು ಹಿಡಿದಿರುವುದು ನಮ್ಮ ಕಡೆ ತೀರ ಸಾಮಾನ್ಯ. ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದು, ಒಣಗಿದ ಮೇಲೆ ಹೊಸ ರಬ್ಬರ್ ಪ್ಯಾಡ್ ಇಟ್ಟು ಸ್ಪ್ರಿಂಗ್ ಕೂರಿಸಿ. ಶಾಕ್‌ನ ಕೆಳ ಬೋಲ್ಟನ್ನು ಸದ್ಯಕ್ಕೆ ಹಗುರವಾಗಿ ಮಾತ್ರ ಹಿಡಿಸಿ.

## 9. ಕೊನೆಯ ಬಿಗಿತ ಭಾರದ ಮೇಲೆ

ನನ್ನ ಕಾರಿನ ಲೋವರ್ ಆರ್ಮ್ ಬುಷ್‌ಗಳನ್ನು ಒಂದು ಗ್ಯಾರೇಜಿನಲ್ಲಿ, ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬಿಗಿದು ಕೊಟ್ಟರು. ಐದೇ ತಿಂಗಳಲ್ಲಿ ರಬ್ಬರು ಸೀಳಿತು. ಮೊದಲಿನವು ಎಂಟು ವರ್ಷ ಬಾಳಿದ್ದವು. ಅಂದಿನಿಂದ ಈ ಒಂದು ಹಂತವನ್ನು ನಾನು ಯಾರ ಕೈಗೂ ಬಿಡುವುದಿಲ್ಲ.

ಕಾರಣ ಸರಳವಾಗಿದೆ. ಈ ಬುಷ್‌ಗಳಲ್ಲಿ ರಬ್ಬರು ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಒಳಕೊಳವೆ ಆ ಕೋನದಲ್ಲೇ ಬಂಧಿಯಾಗುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ ಅದೇ ಸಹಜ ಸ್ಥಿತಿ ಎಂದಾಗಿ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ. ನಿಂತಿರುವಾಗಲೂ ಹಾಗೇ ತಿರುಚಿಕೊಂಡಿರುತ್ತದೆ. ಕಾರಿನ ಎತ್ತರವೂ ತುಸು ತಪ್ಪಾಗಿ ಕಾಣುತ್ತದೆ.

ಲೋವರ್ ಆರ್ಮ್‌ನ ಒಳ ಬೋಲ್ಟ್‌ಗಳು, ಹಿಂದಿನ ಬೀಮ್‌ನ ಬುಷ್ ಬೋಲ್ಟ್‌ಗಳು, ಹಿಂದಿನ ಶಾಕ್‌ನ ಕೆಳ ಬೋಲ್ಟ್, ಇವು ಮೂರನ್ನೂ ಕಾರು ತನ್ನ ಭಾರದಲ್ಲಿ ನಿಂತಾಗಲೇ ಬಿಗಿಯಬೇಕು. ನಾಲ್ಕು ಕಂಬದ ಲಿಫ್ಟ್ ಸಿಕ್ಕರೆ ಉತ್ತಮ. ಮನೆಯಲ್ಲಾದರೆ ಕಾರು ಸ್ಟ್ಯಾಂಡ್ ಮೇಲಿರುವಾಗಲೇ ಹಬ್‌ನ ಕೆಳಗೆ ಜಾಕ್ ಕೊಟ್ಟು, ನಡುಬಿಂದುವಿನಿಂದ ಕಮಾನಿಗೆ ನೀವು ಬರೆದಿಟ್ಟ ಅಂತರ ಬರುವವರೆಗೆ ಎತ್ತಿ, ಆಗ ಬಿಗಿಯಿರಿ. ತಗ್ಗಿಸುವ ಸ್ಪ್ರಿಂಗ್ ಹಾಕಿದ್ದರೆ ತಗ್ಗಿದಷ್ಟನ್ನು ಆ ಅಂಕಿಯಿಂದ ಕಳೆಯಿರಿ. ಎತ್ತುವಾಗ ಕಾರಿನ ಬಾಡಿ ಸ್ಟ್ಯಾಂಡಿನಿಂದ ಮೇಲೇಳದಂತೆ ಕಣ್ಣಿಟ್ಟಿರಿ. ಬಿಗಿದ ಪ್ರತಿ ಬೋಲ್ಟ್‌ಗೂ ಬಿಳಿ ಗೆರೆ ಎಳೆಯಿರಿ. ಮುಂದೆ ಸಡಿಲಾದರೆ ಆ ಗೆರೆಯೇ ತೋರಿಸಿಕೊಡುತ್ತದೆ.

## 10. ಅಲೈನ್‌ಮೆಂಟ್

ಸ್ಟ್ರಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ನೂರು ಕಿಲೋಮೀಟರ್ ಕೂಡ ಓಡಿಸಬೇಡಿ. ಮೊದಲ ದಿನ ಒಮ್ಮೆ ಮಾಡಿಸಿ; ಸ್ಪ್ರಿಂಗ್ ಮತ್ತು ರಬ್ಬರು ತಮ್ಮ ಜಾಗದಲ್ಲಿ ಕೂತ ಮೇಲೆ, ಸುಮಾರು 500 ಕಿಲೋಮೀಟರ್‌ಗೆ, ಇನ್ನೊಮ್ಮೆ ಮಾಡಿಸಿ. ಎರಡು ಬಾರಿ ಹಣ ಏಕೆ ಎಂದು ಕೇಳುವವರು ಒಂದು ಜೊತೆ ಟೈರಿನ ಬೆಲೆ ನೆನಪಿಸಿಕೊಳ್ಳಲಿ.

ಮುದ್ರಿತ ವರದಿ ಕೇಳಿ ಪಡೆಯಿರಿ. ಹಸಿರು ಬಣ್ಣ ಕಂಡಿತೆಂದು ಎದ್ದು ಬರಬೇಡಿ. ಎಡಬಲ ಕ್ಯಾಂಬರ್ ನಡುವಿನ ಅಂತರ ಅರ್ಧ ಡಿಗ್ರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಸ್ಟ್ರಟ್‌ನ ಕೆಳ ಬೋಲ್ಟ್ ಸಡಿಲಿಸಿ ಇರುವ ಅವಕಾಶದಲ್ಲಿ ಸರಿಸಬಹುದು. ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹೊಂದಿಸುವಾಗ ಎರಡೂ ಟೈ ರಾಡ್‌ಗಳನ್ನು ತಿರುಗಿಸಬೇಕು. ಒಂದನ್ನೇ ತಿರುಗಿಸಿ, ಸ್ಟಿಯರಿಂಗ್ ಓರೆಯಾದಾಗ ಅದನ್ನೇ ಬಿಚ್ಚಿ ನೇರವಾಗಿ ಕೂರಿಸಿ ಕೊಡುವವರಿದ್ದಾರೆ. ಒಪ್ಪಬೇಡಿ. ಹಿಂದಿನ ಟಾರ್ಷನ್ ಬೀಮ್‌ನಲ್ಲಿ ಹೊಂದಿಸಲು ಏನೂ ಇರುವುದಿಲ್ಲ. ಅಲ್ಲಿ ಅಂಕಿ ಕೆಂಪಾಗಿದ್ದರೆ ಬೀಮ್ ಬಾಗಿದೆ ಅಥವಾ ಅದರ ಬುಷ್ ಹೋಗಿದೆ.

ಸ್ಥಿರತಾ ನಿಯಂತ್ರಣ ವ್ಯವಸ್ಥೆ ಇರುವ ಕಾರಿನಲ್ಲಿ ಸ್ಟಿಯರಿಂಗ್ ಕೋನದ ಸೆನ್ಸರ್ ಮರುಹೊಂದಿಸಬೇಕಾಗಬಹುದು. ಎತ್ತರ ಬದಲಾಗಿದ್ದರೆ ಹೆಡ್‌ಲೈಟ್‌ನ ಗುರಿಯನ್ನೂ ಸರಿಪಡಿಸಿಕೊಳ್ಳಿ.

## 11. ಓಡಿಸಿ ನೋಡುವುದು

ಮೊದಲ ಐದು ಕಿಲೋಮೀಟರ್ ಖಾಲಿ ಒಳರಸ್ತೆಯಲ್ಲಿ, 30ರ ವೇಗ ಮೀರದೆ, ಕಿಟಕಿ ಇಳಿಸಿ, ರೇಡಿಯೊ ಆರಿಸಿ ಓಡಿಸಿ. ಮನೆಗೆ ಮರಳಿ ಬಿಳಿ ಗೆರೆಗಳನ್ನು ನೋಡಿ, ಚಕ್ರದ ನಟ್ ಮತ್ತೆ ಟಾರ್ಕ್ ಮಾಡಿ. 100 ಕಿಲೋಮೀಟರ್‌ಗೆ ಮತ್ತೊಮ್ಮೆ.

ಘಾಟಿಯನ್ನು ಪರೀಕ್ಷಾ ರಸ್ತೆ ಮಾಡಿಕೊಳ್ಳಬೇಡಿ. ಪಡುಬಿದ್ರಿಯಿಂದ ಬೆಳ್ಮಣ್ ಮೇಲೆ ಕಾರ್ಕಳಕ್ಕೆ ಹೋಗುವ ರಸ್ತೆಯಂಥ, ನಿಮಗೆ ಚೆನ್ನಾಗಿ ಪರಿಚಯವಿರುವ ಜಾಗದಲ್ಲಿ, ಮೊದಲು ಹೋಗುತ್ತಿದ್ದ ವೇಗದಲ್ಲೇ ಹೋಗಿ. ನಾಲ್ಕು ಸಂಗತಿ ಗಮನಿಸಿ. ತಿರುವಿಗೆ ಇಳಿದಾಗ ಕಾರು ಒಮ್ಮೆ ವಾಲಿ ನಿಲ್ಲುತ್ತದೆಯೇ, ತಿರುವಿನ ನಡುವಿನ ಗುಂಡಿಯಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಜಿಗಿಯುತ್ತದೆಯೇ, ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತದೆಯೇ, ಬ್ರೇಕ್ ಹಾಕಿದಾಗ ನೇರವಾಗಿ ನಿಲ್ಲುತ್ತದೆಯೇ. ಇವೆಲ್ಲ ಸರಿ ಕಂಡ ಮೇಲೆ, ಮಳೆಯಿಲ್ಲದ ದಿನ, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಿಧಾನವಾಗಿ ಏರಿ ಬನ್ನಿ.

## 12. ಅಪಾಯದ ಸೂಚನೆಗಳು

ಕೆಳಗಿನವು ಕಂಡರೆ ಅಭ್ಯಾಸವಾಗುತ್ತದೆ ಎಂದು ಓಡಿಸುತ್ತ ಹೋಗಬೇಡಿ.

ಸ್ಟಿಯರಿಂಗ್ ತಿರುಗಿಸಿದಾಗ ಟಣ್ಣೆನ್ನುವ ಸದ್ದು: ಸ್ಪ್ರಿಂಗ್ ಮೆಟ್ಟಿಲಿನಲ್ಲಿ ಕೂತಿಲ್ಲ ಅಥವಾ ಬೇರಿಂಗ್ ತಲೆಕೆಳಗಾಗಿ ಕೂತಿದೆ. ಸ್ಟ್ರಟ್ ಮತ್ತೆ ಬಿಚ್ಚಲೇಬೇಕು.

ಬ್ರೇಕ್ ಹಾಕಿದಾಗ ಒಮ್ಮೆ ಮಾತ್ರ ಟಕ್ ಎಂಬ ಸದ್ದು: ಯಾವುದೋ ದೊಡ್ಡ ಬೋಲ್ಟ್ ಸಡಿಲವಿದೆ. ಕಾರನ್ನು ಅಲ್ಲೇ ನಿಲ್ಲಿಸಿ ನೋಡಿ, ಮನೆವರೆಗೆ ಹೋಗೋಣ ಎಂದುಕೊಳ್ಳಬೇಡಿ.

ಚಕ್ರದ ಕಮಾನಿನಲ್ಲಿ ಟೈರು ಉಜ್ಜಿದ ಹೊಳಪು ಗುರುತು: ತಗ್ಗು ಹೆಚ್ಚಾಗಿದೆ ಅಥವಾ ಟೈರು ಅಗಲವಾಗಿದೆ. ನಾಲ್ವರನ್ನು ಕೂರಿಸಿಕೊಂಡು ಹಂಪ್ ದಾಟಿ ಪರೀಕ್ಷಿಸಿ.

ಎಬಿಎಸ್ ದೀಪ ಉರಿಯುವುದು: ವೈರ್ ಎಳೆದುಕೊಂಡಿದೆ. ಹಳೆಯ ಫೋಟೊ ತೆಗೆದು ಹೋಲಿಸಿ.

ಒಂದು ವಾರದ ನಂತರ ಎಡಬಲ ಎತ್ತರದಲ್ಲಿ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ: ಒಂದು ಕಡೆಯ ಸ್ಪ್ರಿಂಗ್ ಪ್ಯಾಡ್ ಜಾರಿದೆ, ಅಥವಾ ಎಡಬಲ ಸ್ಪ್ರಿಂಗ್ ಅದಲುಬದಲಾಗಿದೆ. ಕೆಲವು ಕಾರುಗಳಲ್ಲಿ ಎರಡೂ ಕಡೆಯ ಸ್ಪ್ರಿಂಗ್ ಒಂದೇ ಅಲ್ಲ, ಬಣ್ಣದ ಚುಕ್ಕಿ ನೋಡಿ ಕೂರಿಸಬೇಕು.

## 13. ಕಡಲಂಚಿನ ಆರೈಕೆ

ಈ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಕಾಲ ದೀಪಾವಳಿಯ ನಂತರ. ರಸ್ತೆ ಒಣಗಿರುತ್ತದೆ, ಹೊಸ ಸಸ್ಪೆನ್ಷನ್‌ಗೆ ಒಗ್ಗಿಕೊಳ್ಳಲು ಮುಂದಿನ ಮಳೆಗಾಲದವರೆಗೆ ಆರೇಳು ತಿಂಗಳು ಸಿಗುತ್ತದೆ. ಪಣಂಬೂರು, ಮಲ್ಪೆ, ಕಾಪು ಕಡಲತೀರಗಳಿಗೆ ಹೋಗಿ ಬಂದ ದಿನ ಕಾರಿನ ಕೆಳಭಾಗಕ್ಕೆ, ಮುಖ್ಯವಾಗಿ ಸ್ಪ್ರಿಂಗ್ ಬಟ್ಟಲುಗಳಿಗೆ, ಸಿಹಿನೀರು ಹಾಯಿಸಿ. ಒತ್ತಡದ ನೀರನ್ನು ಬೂಟಿನ ಅಂಚಿಗೆ ನೇರ ಹಿಡಿಯಬೇಡಿ. ಸ್ಪ್ರಿಂಗ್ ಮೇಲಿನ ಬಣ್ಣ ಕಲ್ಲೇಟಿಗೆ ಎದ್ದಿದ್ದರೆ ಕೂಡಲೇ ಬಳಿಯಿರಿ. ತುಕ್ಕು ಹಿಡಿದ ಅದೇ ಚುಕ್ಕೆಯಿಂದ ಸ್ಪ್ರಿಂಗ್ ಮುರಿಯುತ್ತದೆ. ಮೇ ತಿಂಗಳ ಕೊನೆಯ ವಾರ, ಮೊದಲ ಮಳೆಗೆ ಮುಂಚೆ, ಕಾರನ್ನು ಒಮ್ಮೆ ಎತ್ತಿ ಎರಡನೇ ಹಂತದ ತಪಾಸಣೆಯನ್ನು ಪೂರ್ತಿ ಮಾಡಿ, ಹೊಸ ಅಂಕಿಗಳನ್ನು ಹಳೆಯ ಕಾಗದದಲ್ಲೇ ಪಕ್ಕದಲ್ಲಿ ಬರೆದಿಡಿ.